ಬ್ರೇಕ್ ಯಾವುದು ಅಂತ ಕೇಳುವ ಮೊದಲು ಬ್ಯಾರೆಲ್ ಅಳೆಯಿರಿ

ನಮ್ಮ ಕಾಸರಗೋಡಿನ ಶೂಟಿಂಗ್ ಗುಂಪಿನಲ್ಲಿ ಈಗಷ್ಟೇ ನೋಡಿದ ಪ್ರಶ್ನೆ: ".308ಕ್ಕೆ ಯಾವ ಮಝಲ್ ಬ್ರೇಕ್ ಒಳ್ಳೆಯದು?" ಉತ್ತರಗಳ ರಾಶಿ ಬಿತ್ತು, ಎಲ್ಲವೂ ಕಂಪೆನಿ ಹೆಸರು. .308 ಅಂದರೆ 0.308 ಇಂಚಿನ ಗುಂಡು ಹಾರಿಸುವ ರೈಫಲ್; ಮಝಲ್ ಬ್ರೇಕ್ ಅಂದರೆ ಬ್ಯಾರೆಲಿನ ತುದಿಗೆ ತಿರುಗಿಸಿ ಕೂರಿಸುವ ತುಂಡು, ಅದರ ಬದಿಯ ತೂತುಗಳು (ಪೋರ್ಟುಗಳು) ಗುಂಡಿನ ಹಿಂದಿನ ಗ್ಯಾಸನ್ನು ಪಕ್ಕಕ್ಕೆ ಬಿಡುತ್ತವೆ. ಬ್ಯಾರೆಲಿನ ಥ್ರೆಡ್ ಎಂತದ್ದು, ಯಾವ ಸ್ಪರ್ಧೆಗೆ ಅಂತ ಒಬ್ಬರಾದರೂ ಕೇಳಬೇಡವೇ ಮಾರಾಯ್ರೇ? ಸಿಟ್ಟು ಬಂದೇ ಇದನ್ನು ಬರೆಯುತ್ತಿದ್ದೇನೆ.

ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ರೈಫಲಿಗೆ ಬ್ರೇಕೂ ಇಲ್ಲ, ತುದಿ ಮೇಲೇಳದ ಹಾಗೆ ತಡೆಯುವ ಕಾಂಪೆನ್ಸೇಟರೂ ಇಲ್ಲ. ಬ್ಯಾರೆಲಿಗೆ ತೂತು ಕೊರೆಯುವ ಹಾಗೂ ಇಲ್ಲ. ಆಸರೆಯ ಮೇಲೆ ರೈಫಲಿಟ್ಟು ಮಲಗಿ ದೂರದ ಗುರಿಗೆ ಹೊಡೆಯುವ ಎಫ್-ಕ್ಲಾಸ್‌ನಲ್ಲೂ ನಿಷೇಧ. ಪಿಆರ್‌ಎಸ್‌ನಂಥ (ಪ್ರಿಸಿಷನ್ ರೈಫಲ್ ಸೀರೀಸ್) ಸ್ಪರ್ಧೆಯಲ್ಲಿ ಮಾತ್ರ ಬ್ರೇಕಿಗೆ ನಿಜವಾದ ಕೆಲಸ ಉಂಟು: ಗುಂಡು ಬಿದ್ದ ಜಾಗವನ್ನು ಸ್ಕೋಪಿನಲ್ಲೇ ನೋಡಿ ಮುಂದಿನ ಗುಂಡು ತಿದ್ದಬೇಕು. ಬ್ರೇಕ್ ಒದೆತ ತಗ್ಗಿಸುತ್ತದೆ, ನೋಟ ಟಾರ್ಗೆಟ್ ಬಿಟ್ಟು ಹಾರದ ಹಾಗೆ ನೋಡಿಕೊಳ್ಳುತ್ತದೆ. ಬ್ಯಾರೆಲಿನಲ್ಲಿ ಇಲ್ಲದ ನಿಖರತೆಯನ್ನು ಅದು ತಂದುಕೊಡುವುದಿಲ್ಲ.

ಇನ್ನು ಅಳತೆ. .308 ಬ್ಯಾರೆಲುಗಳಲ್ಲಿ ಸಾಮಾನ್ಯವಾಗಿ 5/8-24 ಥ್ರೆಡ್ (5/8 ಇಂಚು ವ್ಯಾಸ, ಇಂಚಿಗೆ 24 ಎಳೆ), ಯುರೋಪಿನ ಕೆಲವು ರೈಫಲುಗಳಲ್ಲಿ ಎಂ18×1 (18 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್, ಅಂದರೆ ಎಳೆಯಿಂದ ಎಳೆಗೆ ಇರುವ ದೂರ). 5/8 ಅಂದರೆ 15.88 ಮಿ.ಮೀ. ಎಂ16×1ರ ಬ್ರೇಕ್ ಅದರ ಮೇಲೆ ಒಂದೆರಡು ಸುತ್ತು ಹಿಡಿದೇ ಹಿಡಿಯುತ್ತದೆ. ಆದರೆ ಒಂದರ ಪಿಚ್ 1.06 ಮಿ.ಮೀ., ಇನ್ನೊಂದರದು 1. ಆಮೇಲೆ ಬಿಗಿಯಾಯಿತು ಅಂತ ಸ್ಪ್ಯಾನರ್ ಹಾಕಿದಿರೋ, ಥ್ರೆಡ್ ಹೋಯಿತು. ವರ್ನಿಯರ್, ಪಿಚ್ ಗೇಜ್ ಎರಡೂ ಹಿಡಿದು ನೋಡಿ.

ಗುಂಡು ಹೊರಬೀಳುವ ತೂತು ಗುಂಡಿನ ವ್ಯಾಸಕ್ಕಿಂತ ಸುಮಾರು 0.5 ಮಿ.ಮೀ. ದೊಡ್ಡದಿರಬೇಕು. 7.82ರ ಗುಂಡಿಗೆ 8.3 ಅಂತಿಟ್ಟುಕೊಳ್ಳಿ. ಅಂದರೆ ಸುತ್ತ ಕಾಲು ಮಿಲಿಮೀಟರ್ ಜಾಗ. ಥ್ರೆಡ್ ಬೋರಿಗೆ (ಬ್ಯಾರೆಲಿನ ಒಳದಾರಿಗೆ) ಸರಿಯಾಗಿ ನಡುವಿಲ್ಲದಿದ್ದರೆ ಆ ಕಾಲು ಮಿಲಿಮೀಟರ್ ಒಂದೇ ಬದಿಯಲ್ಲಿ ಕರಗಿಹೋಗುತ್ತದೆ. ಬೋಲ್ಟ್ ತೆಗೆದು, ಚೇಂಬರ್ ಖಾಲಿ ಅಂತ ಕಣ್ಣಾರೆ ನೋಡಿ, ಅಲೈನ್‌ಮೆಂಟ್ ರಾಡ್ (ಬೋರಿಗೆ ಸರಿಹೊಂದುವ ನೇರ ಸರಳು) ತೂರಿಸಿ. ರಾಡಿನ ಸುತ್ತಲೂ ಒಂದೇ ಸಮ ಬೆಳಕು ಕಾಣಬೇಕು. ಗುಂಡು ಹೊಡೆದ ಮೇಲೆ ತೂತಿನ ಅಂಚಿನ ಒಂದೇ ಬದಿಯಲ್ಲಿ ತಾಮ್ರದ ಸಣ್ಣ ಗೆರೆ ಹೊಳೆದರೆ, ಗುಂಡು ಅಲ್ಲಿಗೆ ತಾಗುತ್ತಿದೆ ಅಂತಲೇ ಅರ್ಥ. ಅಲ್ಲಿಗೇ ನಿಲ್ಲಿಸಿ.

ಕೂರಿಸುವಾಗ ಪೋರ್ಟುಗಳು ಎಡ ಬಲಕ್ಕೆ ಸಮವಾಗಿ ನಿಲ್ಲಬೇಕು. ಪೂರ್ತಿ ಕೂತಾಗ ಕಾಲು ಸುತ್ತು ಮುಂದೆ ಹೋಗಿದ್ದರೆ 5/8-24ಕ್ಕೆ 0.26 ಮಿ.ಮೀ. ಶಿಮ್ (ತೆಳು ಲೋಹದ ಬಳೆ) ಲೆಕ್ಕ. ಅದಕ್ಕಿಂತ ಒಂದೆಳೆ ದಪ್ಪದ್ದೇ ಹಾಕಿ: ಕೈಯಲ್ಲಿ ತಿರುಗಿಸಿದಾಗ ಸ್ವಲ್ಪ ಹಿಂದೆ ನಿಂತು, ಸ್ಪ್ಯಾನರಿಗೆ ಸರಿಯಾಗಿ ಬರುತ್ತದೆ. ಬಿಗಿದಾಗ ಜಜ್ಜಿಕೊಳ್ಳುವ ಕ್ರಷ್ ವಾಷರ್ ಬೇಡವೇ ಬೇಡ, ಅದು ಒಂದು ಕಡೆ ಹೆಚ್ಚು ಜಜ್ಜಿ ಬ್ರೇಕನ್ನು ಓರೆ ಮಾಡುತ್ತದೆ. ವೈಸಿನಲ್ಲಿ ಹಿಡಿಯುವುದು ಬ್ಯಾರೆಲನ್ನು, ದಪ್ಪ ಚರ್ಮ ಸುತ್ತಿ. ಆಕ್ಷನ್ನನ್ನೋ (ಬೋಲ್ಟ್ ಕೂರುವ ಭಾಗ) ಸ್ಟಾಕನ್ನೋ ಹಿಡಿದು ತಿರುಗಿಸಬೇಡಿ.

"ಪೋರ್ಟ್ ಹೆಚ್ಚಿದ್ದಷ್ಟು, ಹಿಂದಕ್ಕೆ ಬಾಗಿದ್ದಷ್ಟು ಒದೆತ ಕಡಿಮೆ ಅಲ್ವಾ?" ಅಂತ ಒಬ್ಬರು ಕೇಳಿದ್ದಾರೆ. ಕಡಿಮೆ ಹೌದು. ಆದರೆ ಆ ಗಾಳಿ, ಆ ಸದ್ದು ಬರುವುದು ನಿಮ್ಮ ಮತ್ತು ಪಕ್ಕದವರ ಮುಖಕ್ಕೆ. 140 ಡೆಸಿಬೆಲ್ ದಾಟಿದ ಒಂದೇ ಸದ್ದು ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಇಂಥ ರೈಫಲಿನ ಸದ್ದು ಬ್ರೇಕ್ ಇಲ್ಲದೆಯೇ ಅದನ್ನು ಮೀರುತ್ತದೆ. ಬ್ರೇಕ್ ಹಾಕಿದ ಮೇಲೆ ಇಯರ್ ಪ್ಲಗ್ಗಿನ ಮೇಲೆ ಇಯರ್ ಮಫ್, ಎರಡೂ ಬೇಕು, ಪಕ್ಕದವರಿಗೂ ಬೇಕು. ಸಣ್ಣ ಗುಂಡಿನ, ಐದಾರು ಕಿಲೋ ತೂಗುವ .223 ರೈಫಲಿಗೆ ಅಷ್ಟು ದೊಡ್ಡ ಬ್ರೇಕ್ ಎಂತಕ್ಕೆ? ತೂಕವೇ ಅರ್ಧ ಕೆಲಸ ಮಾಡಿರುತ್ತದೆ.

ನಮ್ಮ ಮುರಕಲ್ಲಿನ ನೆಲಕ್ಕೆ ಅಡಿಯಲ್ಲಿ ಪೋರ್ಟ್ ಇರುವ ಬ್ರೇಕ್ ಖಂಡಿತ ಆಗದು. ಮಲಗಿ ಹೊಡೆದರೆ ಕೆಂಪು ಹುಡಿ ಎದ್ದು, ಯಾವುದನ್ನು ನೋಡಲೆಂದು ಬ್ರೇಕ್ ಹಾಕಿದಿರೋ ಅದೇ ಕಾಣುವುದಿಲ್ಲ. ಜೂನ್‌ನಿಂದ ನಾಲ್ಕು ತಿಂಗಳು ತುಕ್ಕಿನ ಕಾಟ ಬೇರೆ. ಥ್ರೆಡ್ಡಿಗೆ ಕಚ್ಚಿಕೊಳ್ಳದ ಹಾಗೆ ತಡೆಯುವ ಲೇಪ, ತೆಳ್ಳಗೆ ಆ್ಯಂಟಿ-ಸೀಜ್ ಹಚ್ಚಿ, ಮಳೆಗಾಲದಲ್ಲಿ ಆಗಾಗ ಬಿಚ್ಚಿ ಮಸಿ ತೆಗೆಯಿರಿ. ಮತ್ತೆ ಕೂರಿಸಿದಾಗಲೆಲ್ಲ ರಾಡ್ ಹಾಕಿ ನೋಡಿ, ಝೀರೋ (ಗುಂಡು ಬೀಳುವ ಜಾಗಕ್ಕೆ ಸ್ಕೋಪ್ ಹೊಂದಿಸುವುದು) ಕೂಡ ಹೊಸದಾಗಿ ಮಾಡಿ. ಗುಂಡು ಬೀಳುವ ಜಾಗ ಬದಲಾಗಿರಬಹುದು.