ಕಣ್ಣು ತಪ್ಪಿಸುವುದಕ್ಕೆ ಎರಡು ಬಗೆಯ ಅಂಕ

ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಆಟಿಸಂ ಅಳೆಯಲು ಬಳಸಿದ ಐಸಾ ಎಂಬ ಮಾಪನದಲ್ಲಿ 40 ಅಂಶಗಳಿವೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ; ಒಟ್ಟು 70 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಟಿಸಂ ಇದೆಯೆಂದು ಲೆಕ್ಕ. ಅದರ ಮೊದಲ ಅಂಶವೇ ಎದುರಿನವರ ಕಣ್ಣು ನೋಡುವುದಕ್ಕೆ ಸಂಬಂಧಿಸಿದ್ದು. ನಾನು ನೋಡುವುದಿಲ್ಲವಾದ್ದರಿಂದ ಅಲ್ಲಿ ನನಗೆ ಧಾರಾಳವಾಗಿಯೇ ಅಂಕ ಸಿಕ್ಕಿತು. ಮರುವರ್ಷ ಮೈಸೂರಿನಲ್ಲಿ ಪೂರ್ವ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾಗೆ ಸೇರಿದೆ. ಅಲ್ಲಿನ ಪ್ರಾಕ್ಟೀಸ್ ಟೀಚಿಂಗ್ ಮೌಲ್ಯಮಾಪನ ಹಾಳೆಯ ಮೊದಲ ಸಾಲಿನಲ್ಲಿಯೂ ಅದೇ ಪ್ರಶ್ನೆಯಿತ್ತು, ಆದರೆ ಈ ಬಾರಿ ಅದೇ ಕಾರಣಕ್ಕೆ 10ಕ್ಕೆ 3 ಬಂತು. ಒಂದು ಕಾಗದ ನನ್ನನ್ನು ಅಂಗವಿಕಲಳೆಂದು ಒಪ್ಪಿಕೊಂಡಿತು, ಇನ್ನೊಂದು ಕಾಗದ ಅದೇ ಅಂಗವೈಕಲ್ಯಕ್ಕೆ ಅಂಕ ಕಳೆಯಿತು. ಎರಡೂ ನನ್ನ ಒಂದೇ ಫೈಲಿನಲ್ಲಿವೆ.

ಕಾನೂನು ನನ್ನ ಪಾಲಿಗೆ ಇಲ್ಲವೆಂದಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಅದು ಸೇರಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರವಿದ್ದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5ರಷ್ಟು ಸೀಟು ಮೀಸಲಿದೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಮೂರು ಗಂಟೆಯ ಲಿಖಿತ ಪರೀಕ್ಷೆಗೆ ಒಂದು ಗಂಟೆ ಹೆಚ್ಚುವರಿ ಸಮಯವೂ ಸಿಗುತ್ತದೆ. ಈ ಒಂದು ಗಂಟೆಯನ್ನು ಕಾಲೇಜಿನವರು ನನಗೆ ತಕರಾರಿಲ್ಲದೆ ಕೊಟ್ಟರು. ಅದು ನನಗೆ ಬೇಕಾಗಿರಲಿಲ್ಲ. ಬರೆಯುವ ಪರೀಕ್ಷೆಯಲ್ಲಿ ಪ್ರಶ್ನೆ ಕಾಗದದ ಮೇಲಿರುತ್ತದೆ, ಕೋಣೆ ನಿಶ್ಶಬ್ದವಾಗಿರುತ್ತದೆ, ಗಂಟೆ ಬಾರಿಸುವ ಹೊತ್ತು ಮೊದಲೇ ಗೊತ್ತಿರುತ್ತದೆ. ಇಡೀ ಕೋರ್ಸಿನಲ್ಲಿ ನನಗೆ ಅತ್ಯಂತ ಹಿತವಾದ ಮೂರು ಗಂಟೆಗಳು ಅವು. ಅವನ್ನು ನಾಲ್ಕಾಗಿಸಿ ಕೈತೊಳೆದುಕೊಂಡರು.

ನನಗೆ ಕಷ್ಟವಾದದ್ದು ಅಭ್ಯಾಸಕ್ಕೆ ಹೋದ ನರ್ಸರಿಯಲ್ಲಿ ಮತ್ತು ಅಂಗನವಾಡಿಯಲ್ಲಿ, ಅದೂ ಮಕ್ಕಳಿಂದಲ್ಲ. ಹತ್ತು ಗಂಟೆಗೆ ಪ್ರಾಣಿಗಳ ಪಾಠವೆಂದು ವಾರವಿಡೀ ಸಿದ್ಧತೆ ಮಾಡಿಕೊಂಡು ಹೋದರೆ, ಹತ್ತಕ್ಕೆ ಐದು ನಿಮಿಷವಿರುವಾಗ ಮೇಲ್ವಿಚಾರಕಿ ಮೇಡಂ ಬಂದು, ಇವತ್ತು ತರಕಾರಿ ಮಾಡಿ, ಪ್ರಾಣಿ ನಾಳೆ ಎನ್ನುತ್ತಿದ್ದರು. ನನ್ನ ಸಹಪಾಠಿಗಳಿಗೆ ಅದು ಕಿರಿಕಿರಿ ಅಷ್ಟೆ. ನನಗೆ ಮಾತೇ ಹೊರಡುತ್ತಿರಲಿಲ್ಲ, ಏಕೆಂದರೆ ಯಾವ ಹಾಡಿನ ನಂತರ ಯಾವ ಚಿತ್ರ, ಯಾವ ಮಗು ಎದ್ದು ಓಡಿದರೆ ಏನು ಹೇಳಬೇಕು ಎಂಬಷ್ಟರವರೆಗೆ ತಲೆಯಲ್ಲಿ ಕಟ್ಟಿಕೊಂಡದ್ದೆಲ್ಲ ಒಮ್ಮೆಲೇ ಕುಸಿದು, ಹೊಸದನ್ನು ಕಟ್ಟಲು ಐದು ನಿಮಿಷ ಸಾಲುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಇಪ್ಪತ್ತು ಮಂದಿಯ ಎದುರು ನನ್ನ ತಪ್ಪುಗಳನ್ನು ಬಾಯಲ್ಲಿ ಹೇಳುತ್ತಿದ್ದರು. ಅದರಲ್ಲಿ ಅರ್ಧ ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಕೊನೆಗೆ ಯಾವಾಗಲೂ ಒಂದೇ ಸಲಹೆ: ಸಹಜವಾಗಿರಿ. ನಾನು ಸಹಜವಾಗಿದ್ದರೆ ಮೊದಲ ಸಾಲಿನಲ್ಲಿ ಇನ್ನೂ ಒಂದು ಅಂಕ ಹೋಗುತ್ತಿತ್ತು.

ಆ ಮೌಲ್ಯಮಾಪನ ಹಾಳೆಯಲ್ಲಿ ನಗುಮುಖ, ಧ್ವನಿಯ ಏರಿಳಿತ, ಉತ್ಸಾಹ, ಹಾವಭಾವ ಎಲ್ಲಕ್ಕೂ ಒಂದೊಂದು ಸಾಲಿದೆ. ಪಾಠದ ಹೊತ್ತಿನಲ್ಲಿ ಯಾವ ಮಗು ಏನು ಮಾಡುತ್ತಿತ್ತೆಂಬುದನ್ನು ಶಿಕ್ಷಕಿ ಗಮನಿಸಿದಳೇ ಎಂಬುದಕ್ಕೆ ಸಾಲಿಲ್ಲ. ನನ್ನ ತಕರಾರಿನ ತಿರುಳು ಇಷ್ಟೆ: ಹಿಂದಿನ ಬೆಂಚಿನಲ್ಲಿ ಕುಳಿತ ದೊಡ್ಡವರಿಗೆ ಕಾಣುವ ಅಕ್ಕರೆಯನ್ನು ಮಾತ್ರ ನಾವು ಅಳೆಯುತ್ತಿದ್ದೇವೆ, ಮಗುವಿಗೆ ತಲುಪುವ ಅಕ್ಕರೆಯನ್ನಲ್ಲ.

ಅಂಗನವಾಡಿಯಲ್ಲಿ ಮೂರೂವರೆ ವರ್ಷದ ಹುಡುಗನೊಬ್ಬ ದಿನವೂ ಅಳುತ್ತಿದ್ದ. ಅಮ್ಮನನ್ನು ನೆನೆದು ಅಳುತ್ತಾನೆ ಎಂದು ಎಲ್ಲರೂ ಅವನನ್ನು ಎತ್ತಿ ಮುದ್ದಾಡುತ್ತಿದ್ದರು, ಅವನು ಇನ್ನಷ್ಟು ಕಿರುಚುತ್ತಿದ್ದ. ನಾನು ಅವಲೋಕನ ದಾಖಲೆಯಲ್ಲಿ ಒಂಬತ್ತು ದಿನ ಅಳುವಿನ ಹೊತ್ತನ್ನು ಬರೆದಿಟ್ಟೆ. ಅಮ್ಮ ಬಿಟ್ಟುಹೋದಾಗ ಅವನು ಅತ್ತದ್ದು ಎರಡೇ ದಿನ. ಉಳಿದ ದಿನಗಳಲ್ಲಿ ಅಳು ಶುರುವಾದದ್ದು ಊಟಕ್ಕೆ ಮೊದಲು, ಸಹಾಯಕಿ ಸ್ಟೀಲ್ ತಟ್ಟೆಗಳ ರಾಶಿಯನ್ನು ತಂದು ನೆಲದ ಮೇಲೆ ಇಡುವ ಹೊತ್ತಿನಲ್ಲಿ. ಆ ಸದ್ದಿಗೆ ನನ್ನ ಹಲ್ಲೂ ಜುಮ್ಮೆನ್ನುತ್ತಿತ್ತು, ಆದ್ದರಿಂದಲೇ ಹೊಳೆಯಿತು. ತಟ್ಟೆಗಳ ಕೆಳಗೆ ಹಳೆಯ ಗೋಣಿಚೀಲ ಹಾಸಲು ಕೇಳಿಕೊಂಡೆ, ಸಹಾಯಕಿ ಮರುಮಾತಾಡದೆ ಹಾಸಿದರು. ಆ ದಾಖಲೆಗೆ ನನಗೆ 5ಕ್ಕೆ 5 ಬಂತು. ಪ್ರಾಕ್ಟೀಸ್ ಟೀಚಿಂಗ್‌ಗೆ ಇರುವುದು 100.

ಇದನ್ನು ಓದಿದವರು, ಆಟಿಸಂ ಇರುವವರಿಗೆ ಮಕ್ಕಳ ಮನಸ್ಸು ತಾನಾಗಿ ಅರ್ಥವಾಗುತ್ತದೆ ಎಂದು ತಿಳಿಯಬಾರದು. ಆ ಮಾತನ್ನು ಹೊಗಳಿಕೆಯೆಂದು ಹೇಳುವವರಿದ್ದಾರೆ, ನನಗೆ ಅದು ಹೊರೆ. ಅದೇ ತಿಂಗಳು ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಕುಳಿತ ಹುಡುಗಿಯೊಬ್ಬಳನ್ನು, ಒಂಟಿಯಾಗಿರಲು ಬಯಸುತ್ತಿದ್ದಾಳೆಂದು ಬಿಟ್ಟುಬಿಟ್ಟೆ, ಏಕೆಂದರೆ ನಾನು ಹಾಗೆ ಕುಳಿತರೆ ಅದರರ್ಥ ಅದೇ. ಅವಳು ಚಡ್ಡಿ ಒದ್ದೆಯಾದ ನಾಚಿಕೆಗೆ ಮುಕ್ಕಾಲು ಗಂಟೆ ಹಾಗೆ ಕುಳಿತಿದ್ದಳು. ಅದು ನನ್ನದೇ ತಪ್ಪು. ಈಗ ಮೂಲೆಗೆ ಹೋದ ಯಾವ ಮಗುವಿನ ಬಳಿಯಾದರೂ ಹೋಗಿ ಪಕ್ಕದಲ್ಲಿ ಕುಳಿತು ಕೇಳುತ್ತೇನೆ. ಇದೂ ನಾನು ಕಲಿತು ರೂಢಿಸಿಕೊಂಡದ್ದು, ನನಗೆ ಹುಟ್ಟಿನಿಂದ ಬಂದದ್ದಲ್ಲ.

ಇಂಥವರಿಗೆ ಈ ವೃತ್ತಿ ಹೊಂದುವುದಿಲ್ಲ ಎನ್ನುವವರು ನಮ್ಮ ಪಠ್ಯವನ್ನೇ ಒಮ್ಮೆ ತಿರುವಿಹಾಕಲಿ. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ ಮಕ್ಕಳ ಮನೆ ಎಂಬ ಶಾಲೆ ತೆರೆಯುವ ಮೊದಲು ಕೆಲಸ ಮಾಡಿದ್ದು ಬುದ್ಧಿಮಾಂದ್ಯರೆಂದು ಬದಿಗೆ ತಳ್ಳಲ್ಪಟ್ಟ ಮಕ್ಕಳೊಂದಿಗೆ. ಅಂಥ ಮಕ್ಕಳಿಗಾಗಿಯೇ ದುಡಿದಿದ್ದ ಇಟಾರ್ ಮತ್ತು ಸೆಗ್ವಿನ್ ಎಂಬ ಫ್ರೆಂಚ್ ವೈದ್ಯರಿಂದ ಆಕೆ ಬಹಳಷ್ಟನ್ನು ಪಡೆದರು. ಇದು ಕೆಂಪು, ಕೆಂಪು ಯಾವುದು ತೋರಿಸು, ಇದು ಯಾವುದು ಹೇಳು ಎಂಬ ಮೂರು ಹಂತದ ಪಾಠ ಸೆಗ್ವಿನ್‌ರದು. ಅದರಲ್ಲಿ ಶಿಕ್ಷಕಿ ಕುಣಿಯಬೇಕಿಲ್ಲ, ಗಟ್ಟಿಯಾಗಿ ನಗಬೇಕಿಲ್ಲ. ಮಗುವಿನ ಪಕ್ಕದಲ್ಲಿ ಕುಳಿತು, ಇಬ್ಬರೂ ಒಂದೇ ವಸ್ತುವನ್ನು ನೋಡುತ್ತಾ, ಕಡಿಮೆ ಮಾತಿನಲ್ಲಿ ಹೇಳಿದರೆ ಸಾಕು. ನನಗೆ 10ಕ್ಕೆ 8 ಬಂದ ಏಕೈಕ ಪಾಠ ಅದು. ಹಾಗೆಯೇ 1932ರಲ್ಲಿ ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ ವಿವರಿಸಿದ ಸಮಾನಾಂತರ ಆಟ, ಅಂದರೆ ಇಬ್ಬರು ಮಕ್ಕಳು ಪಕ್ಕಪಕ್ಕ ಕುಳಿತು ತಮ್ಮ ತಮ್ಮ ಆಟ ಆಡುವುದು, ಮಗು ದಾಟಿಹೋಗಬೇಕಾದ ಮೆಟ್ಟಿಲೆಂದು ನಮಗೆ ಪಾಠವಾಯಿತು. ನಾನೂ ನನ್ನ ಗೆಳತಿಯೂ ಹಾಸ್ಟೆಲಿನಲ್ಲಿ ಸಂಜೆ ಕಳೆಯುವುದು ಈಗಲೂ ಹಾಗೆಯೇ, ಅವಳು ಕಸೂತಿಯೊಂದಿಗೆ, ನಾನು ಚಾರ್ಟುಗಳೊಂದಿಗೆ. ದಾಟಬೇಕೆಂದು ಇಬ್ಬರಿಗೂ ಅನಿಸಿಲ್ಲ.

ಕಳೆದ ಸೆಮಿಸ್ಟರ್ ಕೊನೆಯಲ್ಲಿ ನಾನು ಕಾಲೇಜಿನವರನ್ನು ಕೇಳಿದ್ದು ಹೆಚ್ಚೇನಲ್ಲ. ಪಾಠದ ವಿಷಯ ಹಿಂದಿನ ದಿನವೇ ತಿಳಿಯಬೇಕು, ತಪ್ಪುಗಳನ್ನು ಬರೆದು ಕೊಡಬೇಕು, ಊಟದ ಗಲಾಟೆಯ ನಂತರ ಹತ್ತು ನಿಮಿಷ ಹೊರಗೆ ನಿಲ್ಲಲು ಬಿಡಬೇಕು. ನಿನಗೊಬ್ಬಳಿಗೆ ಮಾಡಿದರೆ ನಾಳೆ ಎಲ್ಲರೂ ಕೇಳುತ್ತಾರಲ್ಲ ಎಂದರು. ಹಿಂದಿನ ದಿನವೇ ವಿಷಯ ತಿಳಿಸಿದರೆ ಎಲ್ಲರಿಗೂ ಒಳ್ಳೆಯದೇ ಅಲ್ಲವೇ ಎಂದು ನಾನು ಕೇಳಿದ್ದು ಅವರಿಗೆ ಉದ್ಧಟತನವೆನಿಸಿತು. ನನ್ನ ಧ್ವನಿಯಲ್ಲಿ ಏರಿಳಿತ ಇಲ್ಲದಿರುವುದರಿಂದ ಹೀಗಾಗುವುದುಂಟು. 2016ರ ಕಾಯ್ದೆಯಲ್ಲಿರುವ ಸಮಂಜಸ ಹೊಂದಾಣಿಕೆ, ಅಂದರೆ ಅಂಗವಿಕಲರಿಗೆ ಬೇಕಾದ ಯುಕ್ತ ಬದಲಾವಣೆಯನ್ನು ಮಾಡಿಕೊಡುವುದು, ಎಂಬ ಮಾತು ಪರೀಕ್ಷಾ ಕೊಠಡಿಗೆ ಸೀಮಿತವಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಈ ಹೊಂದಾಣಿಕೆ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುತ್ತದೆ, ಆ ವ್ಯಕ್ತಿಯೊಂದಿಗೆ ಮಾತಾಡಿಯೇ ಅದನ್ನು ಗೊತ್ತುಮಾಡಬೇಕು ಎಂಬ ಅರ್ಥದಲ್ಲಿ ತೀರ್ಪಿತ್ತಿದೆ. ಎಲ್ಲರಿಗೂ ಒಂದೊಂದು ಗಂಟೆ ಹಂಚುವುದು ಆ ಮಾತುಕತೆಗೆ ಬದಲಿಯಾಗದು.

ಮಕ್ಕಳ ತಂದೆತಾಯಿಗೆ ನಿನ್ನ ಆಟಿಸಂ ವಿಷಯ ಹೇಳಬೇಡ ಎಂಬ ಸಲಹೆಯೂ ಬಂದಿದೆ. ನಾನು ಇನ್ನೂ ಹೇಳಿಲ್ಲ. ಹೇಳದಿರುವುದು ಸರಿಯೆಂದು ಅನಿಸಿಯೂ ಇಲ್ಲ. ತಟ್ಟೆಯ ಸದ್ದಿಗೆ ಅಳುತ್ತಿದ್ದ ಹುಡುಗನ ತಾಯಿ ಒಂದು ದಿನ, ನಮ್ಮ ಮಗನಿಗೇನಾದರೂ ಇದೆಯಾ ಟೀಚರ್ ಎಂದು ಮೆಲ್ಲಗೆ ಕೇಳಿದಾಗ, ಗೊತ್ತಿಲ್ಲ ಅಕ್ಕ, ಸದ್ದು ಆಗುವುದಿಲ್ಲ ಅಷ್ಟೆ, ನನಗೂ ಆಗುವುದಿಲ್ಲ ಎಂದೆ.

ಮುಂದಿನ ಸೋಮವಾರ ಮತ್ತೆ ಅಭ್ಯಾಸ ಶುರು. ಈ ಬಾರಿ ಮೂರು ಬೇಡಿಕೆಗಳನ್ನೂ ಅರ್ಜಿಯಲ್ಲಿ ಬರೆದು, ಪ್ರಮಾಣಪತ್ರದ ನಕಲನ್ನೂ ಆ ಮೌಲ್ಯಮಾಪನ ಹಾಳೆಯ ನಕಲನ್ನೂ ಒಟ್ಟಿಗೆ ಪಿನ್ ಮಾಡಿ ಕಚೇರಿಗೆ ಕೊಟ್ಟಿದ್ದೇನೆ. ಸ್ವೀಕೃತಿಯ ಸೀಲು ಹಾಕಿಸಿಕೊಂಡಿದ್ದೇನೆ.