ಒಂದು ಗುಂಡಿ, ಐವರು ಸಹಭಾಗಿಗಳು

ಸಕಲೇಶಪುರ ಸೀಮೆಯಲ್ಲಿ, ಹಿಂದೆ ಕಾಡು, ಮುಂದೆ ಗದ್ದೆ, ಸುತ್ತ ಕಾಫಿ ತೋಟ, ಪಕ್ಕದಲ್ಲಿ ಹೇಮಾವತಿಗೆ ಸೇರುವ ಹಳ್ಳ ಇರುವ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪರಿಸರವೆಂದರೆ ಏನೆಂದೇ ತಿಳಿದಿಲ್ಲವೆಂಬ ಆತಂಕಕಾರಿ ಸಂಗತಿಯು ಮೊದಲು ಬೆಳಕಿಗೆ ಬಂದದ್ದು ಬೆಂಗಳೂರಿನ ಕಚೇರಿಯೊಂದರ ಏಳನೆಯ ಮಹಡಿಯಲ್ಲಿ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕಾಗಿರುವುದರಿಂದ, ಇಂಥ ಆತಂಕಗಳು ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ಕಾಣಿಸಿಕೊಂಡು, ಮಾರ್ಚ್ 31ರೊಳಗೆ ಒಡಂಬಡಿಕೆಯ ರೂಪ ತಾಳುತ್ತವೆ.

ಒಡಂಬಡಿಕೆಗೆ ಐವರು ಸಹಿ ಹಾಕಿದರು. ಹಣ ಕೊಡುವ ಕಂಪನಿ, ಆ ಹಣವನ್ನು ಯೋಜನೆಯಾಗಿ ಪರಿವರ್ತಿಸುವ ನಗರದ ಸ್ವಯಂಸೇವಾ ಸಂಸ್ಥೆ, ಸಸಿ ಒದಗಿಸುವ ಇಲಾಖೆ, ವೇದಿಕೆ ಒದಗಿಸುವ ತಾಲ್ಲೂಕಿನ ಸೇವಾ ಕ್ಲಬ್ಬು ಮತ್ತು ಅತಿಥಿಗಳಿಗೆ ಊಟ ಒದಗಿಸುವ ಬೆಳೆಗಾರರ ಸಂಘ. ಶಾಲೆಯ ಹೆಸರು ‘ಸ್ಥಳ’ ಎಂಬ ಕಾಲಮ್ಮಿನಲ್ಲಿತ್ತು. ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ತೋಟದ ಕೆಲಸ ಬಿಟ್ಟು ಸಭೆಗೆ ಬಂದು, ಬೇಸಿಗೆಯಲ್ಲಿ ಶಾಲೆಯ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದೂ, ಕಾಂಪೌಂಡ್ ಇಲ್ಲದೆ ದನಗಳು ತರಗತಿಯ ಬಾಗಿಲಿಗೇ ಬರುತ್ತವೆಂದೂ ಅರಿಕೆ ಮಾಡಿಕೊಂಡರು. ನೀರು ಮತ್ತು ಕಾಂಪೌಂಡ್ ಮೂಲಸೌಕರ್ಯದ ಶೀರ್ಷಿಕೆಯಡಿ ಬರುತ್ತವೆಯೇ ಹೊರತು ಪರಿಸರದ ಶೀರ್ಷಿಕೆಯಡಿ ಬರುವುದಿಲ್ಲವೆಂದು ಅವರಿಗೆ ಸೌಜನ್ಯದಿಂದಲೇ ತಿಳಿಸಿಕೊಡಲಾಯಿತು.

ಇನ್ನು ಕಾರ್ಯಕ್ರಮದ ವಿಷಯ. 1950ರಲ್ಲಿ ಕೇಂದ್ರ ಸಚಿವ ಕೆ.ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಾಗ, ನೆಟ್ಟ ಗಿಡ ಬದುಕಲು ಮಳೆ ಬೇಕೆಂಬ ಹಳೆಯ ಕಾಲದ ಭಾವನೆಯಿಂದ ಜುಲೈ ತಿಂಗಳನ್ನು ಆರಿಸಿಕೊಂಡಿದ್ದರು. ನಮ್ಮ ಸಹಭಾಗಿಗಳು ಅಷ್ಟು ಹಿಂದುಳಿದವರಲ್ಲ. 1972ರ ಜೂನ್ 5ರಂದು ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಆರಂಭವಾಗಿ, ಆ ದಿನವೇ ವಿಶ್ವ ಪರಿಸರ ದಿನವಾದ ಕಾರಣ, ಮಲೆನಾಡಿನಲ್ಲಿ ಮಳೆ ಹಿಡಿದಿರಲಿ, ಹಿಡಿಯದಿರಲಿ, ಗಿಡ ಜೂನ್ 5ರಂದೇ ಗುಂಡಿಗೆ ಇಳಿಯಬೇಕು.

ಗುಂಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಕಳೆದ ವರ್ಷದ್ದೇ ಗುಂಡಿ. ಕಳೆದ ವರ್ಷದ ಗಿಡವನ್ನು ಶ್ರಾವಣಕ್ಕೆ ಮೊದಲೇ ದನ ತಿಂದಿದ್ದರಿಂದ ಜಾಗ ತೆರವಾಗಿತ್ತು. ಐವರು ಗಣ್ಯರು ಒಂದೇ ಹಾರೆಯನ್ನು ಹಿಡಿದು ನಿಲ್ಲಬೇಕಾದುದರಿಂದ ಅದರ ಬಾಯಿಯನ್ನು ಈ ಸಲ ಇನ್ನಷ್ಟು ಅಗಲಿಸಲಾಗಿತ್ತು. ಹಾರೆಗೆ ಟೇಪು ಸುತ್ತಿತ್ತು. ಸಸಿಯನ್ನು ಪಾಲಿಥಿನ್ ಚೀಲದ ಸಮೇತ ಇಳಿಸಿ, ಎರಡು ಬೊಗಸೆ ಮಣ್ಣು ಹಾಕಿ, ಚಪ್ಪಾಳೆಯೂ ಆದ ಮೇಲೆ, ಕ್ಲಬ್ಬಿನ ಕಡೆಯ ಫೋಟೊಗ್ರಾಫರು ಇನ್ನೂ ಹಾನುಬಾಳಿನಲ್ಲೇ ಇದ್ದಾರೆಂಬ ಸುದ್ದಿ ಬಂದಿತು. ಸಸಿಯನ್ನು ಮೇಲೆತ್ತಿ ನೆರಳಿನಲ್ಲಿಟ್ಟರು. ಅವರು ಬಂದ ಮೇಲೆ ಕ್ಲಬ್ಬಿನವರು ನೆಟ್ಟರು. ಬಳಿಕ ಹಾರೆಯ ತುದಿಯಷ್ಟೇ ಚಿತ್ರದಲ್ಲಿ ಬಂದಿದ್ದ ಬೆಳೆಗಾರರ ಸಂಘದವರು ಪ್ರತ್ಯೇಕವಾಗಿ ನೆಟ್ಟರು. ಹೀಗೆ ಐದು ಸಲ ನೆಡಲ್ಪಟ್ಟ ಒಂದು ಸಸಿಯು ಐದು ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ ಐದು ಸಸಿಗಳಾಗಿ ಬೇರು ಬಿಟ್ಟಿತು. ಈ ವೇಗದಲ್ಲಿ ನಡೆದರೆ ಕಾಗದದ ಮೇಲಿನ ಪಶ್ಚಿಮ ಘಟ್ಟದಲ್ಲಿ ಒತ್ತುವರಿಗೆ ಜಾಗವೇ ಉಳಿಯಲಾರದು.

ಸಸಿ ಸಿಲ್ವರ್ ಓಕ್. ಆಸ್ಟ್ರೇಲಿಯ ಮೂಲದ ಈ ಮರವನ್ನು ಬೆಳೆಗಾರರು ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೆ, ಆಮೇಲೆ ನಾಟಾಕ್ಕೆಂದು ತೋಟಗಳಲ್ಲಿ ಬೆಳೆಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅತ್ತಿ, ಬಸರಿ, ನಂದಿ, ಬೀಟೆಗಳ ನಡುವೆ ಹುಟ್ಟಿ ಬೆಳೆದ ಮಕ್ಕಳ ಮುಂದೆ ಅದನ್ನು ಎತ್ತಿ ಹಿಡಿದು ‘ನಮ್ಮ ನಾಡಿನ ಸಸ್ಯಸಂಪತ್ತನ್ನು ಉಳಿಸಿಕೊಳ್ಳಬೇಕು’ ಎಂದು ಭಾಷಣ ಮಾಡಿದಾಗ, ಹಿಂದಿನ ಸಾಲಿನ ಹುಡುಗನೊಬ್ಬ ನಕ್ಕು ಬೈಸಿಕೊಂಡನು. ಭಾಷಣಕಾರರ ಬೆನ್ನಿಗೆ ‘ಪ್ಲಾಸ್ಟಿಕ್ ತ್ಯಜಿಸೋಣ’ ಎಂಬ ಫ್ಲೆಕ್ಸ್ ಇತ್ತು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾದದ್ದು 2016ರಲ್ಲಿ. ಆದ್ದರಿಂದ ನಿಷೇಧಿತ ವಸ್ತುವಿನ ಮಾದರಿಯನ್ನು ಮಕ್ಕಳಿಗೆ ಪ್ರತ್ಯಕ್ಷವಾಗಿ ತೋರಿಸಿದಂತಾಯಿತೆಂದು ನಾವು ಅದನ್ನೂ ಶಿಕ್ಷಣದ ಲೆಕ್ಕಕ್ಕೇ ಹಾಕಿಕೊಳ್ಳಬಹುದು.

ಅನಂತರ ಸಂಪನ್ಮೂಲ ವ್ಯಕ್ತಿಗಳು ಪರದೆ ಕಟ್ಟಿಸಿ, ಕರಗುತ್ತಿರುವ ಹಿಮದ ಮೇಲೆ ನಿಂತ ಹಿಮಕರಡಿಯನ್ನು ತೋರಿಸಿ, ಕಾಡುಪ್ರಾಣಿಯನ್ನು ಯಾರಾದರೂ ನೋಡಿದ್ದೀರಾ ಎಂದು ಕೇಳಿದರು. ತೋಟದ ಕೆಲಸಗಾರರ ಸಾಲುಮನೆಯಿಂದ ಬರುವ ಎರಡನೆಯ ತರಗತಿಯ ಹುಡುಗಿ ಎದ್ದು ನಿಂತಳು.

‘ನಿನ್ನೆ ರಾತ್ರಿ ನಮ್ಮ ಲೈನ್ ಮನೆ ಹಿಂದೆ ಆನೆ ಬಂದಿತ್ತು ಸಾರ್. ಹಲಸಿನ ಹಣ್ಣು ತಿಂದು, ನೀರಿನ ಡ್ರಮ್ ತುಳಿದು ಹೋಯ್ತು.’

‘ವೆರಿ ಗುಡ್’ ಎಂದು ಹೇಳಿ ಅವರು ಪೆಂಗ್ವಿನ್ ಇದ್ದ ಮುಂದಿನ ಚಿತ್ರಕ್ಕೆ ಹೋದರು. ಆನೆ ಎಲ್ಲಿದೆ ಎಂಬ ಸಂದೇಶವನ್ನು ಮೊಬೈಲಿನಲ್ಲಿ ನೋಡಿಕೊಂಡೇ ಮಕ್ಕಳನ್ನು ಶಾಲೆಗೆ ಹೊರಡಿಸುವ, ಹಿಂಡು ಸಮೀಪದಲ್ಲಿದ್ದರೆ ಮನೆಯಲ್ಲೇ ಉಳಿಸಿಕೊಳ್ಳುವ ತಾಯಂದಿರು ಕಿಟಕಿಯ ಆಚೆ ನಿಂತು ಪೆಂಗ್ವಿನನ್ನು ಕುತೂಹಲದಿಂದ ನೋಡಿದರು.

ದಿನದ ಮುಖ್ಯ ಆಕರ್ಷಣೆಯು ಮಕ್ಕಳನ್ನು ಹಸಿರು ಟೀ ಶರ್ಟಿನಲ್ಲಿ ಎಲೆಯ ಆಕಾರದಲ್ಲಿ ಕೂರಿಸಿ ಡ್ರೋನ್‌ನಿಂದ ಚಿತ್ರೀಕರಿಸುವುದಾಗಿತ್ತು. ಶಾಲೆಯ ಮಕ್ಕಳಿಂದ ಎಲೆಯ ತೊಟ್ಟು ಮಾತ್ರ ಆಯಿತು. ಎಲೆಗಾಗಿ ಪಕ್ಕದ ಊರಿನ ಶಾಲೆಯಿಂದ ಮಕ್ಕಳನ್ನು ಪಿಕಪ್ ವಾಹನದಲ್ಲಿ ತುಂಬಿ ತರಲಾಯಿತು. ಆಗ ಇನ್ನೊಂದು ತೊಡಕು ಕಾಣಿಸಿತು: ಅಂಗಳದ ನೇರಳೆ ಮರವು ಎಲೆಯ ಅರ್ಧ ಭಾಗವನ್ನು ಮರೆಮಾಡುತ್ತಿತ್ತು. ಬಿಸಿಯೂಟಕ್ಕೆ ಮಕ್ಕಳು ಕೂರುವುದು, ಮಳೆ ಇಲ್ಲದ ದಿನ ನಲಿ-ಕಲಿ ತರಗತಿ ನಡೆಯುವುದು ಅದರ ಕೆಳಗೇ. ಸಸಿ ಒದಗಿಸಿದ ಇಲಾಖೆಯವರು ಸ್ಥಳದಲ್ಲಿಯೇ ಇದ್ದುದರಿಂದ ಅನುಮತಿಗೆ ಅಲೆದಾಡುವ ಪ್ರಸಂಗ ಬರಲಿಲ್ಲ. ಅರ್ಧ ಗಂಟೆಯಲ್ಲಿ ಮೂರು ದೊಡ್ಡ ಕೊಂಬೆಗಳು ಕೆಳಗೆ ಬಿದ್ದವು. ಚಿತ್ರ ಬಹಳ ಚೆನ್ನಾಗಿ ಬಂದಿತೆಂದು ಎಲ್ಲರೂ ಒಪ್ಪಿದರು.

ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಅದಕ್ಕೆ ತಕ್ಕಂತೆ ಈ ಶಾಲೆಯಲ್ಲೂ ಪರಿಸರ ಅಧ್ಯಯನವೆಂಬ ಪಠ್ಯಪುಸ್ತಕವಿದೆ, ಐದು ತರಗತಿಗಳಿಗೆ ಸೇರಿ ಒಬ್ಬ ಶಿಕ್ಷಕಿಯೂ ಇದ್ದಾರೆ. ಆ ವಾರ ಪಾಠ ನಡೆಯಲಿಲ್ಲ. ಐವರು ಸಹಭಾಗಿಗಳಿಗೂ ಸ್ಥಳದ ಅಕ್ಷಾಂಶ-ರೇಖಾಂಶ ನಮೂದಾದ ಫೋಟೊಗಳನ್ನು ಬೇರೆ ಬೇರೆ ನಮೂನೆಗಳಲ್ಲಿ ಕಳುಹಿಸಬೇಕಾಗಿದ್ದು, ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲೆ ಮಾತ್ರವಾದ್ದರಿಂದ ಮೇಷ್ಟ್ರಮ್ಮನವರು ದಿನವೂ ಗುಡ್ಡ ಹತ್ತಿ ಇಳಿದರು.

ಶಾಲೆಯ ಹಿಂಬದಿಯಲ್ಲಿ ಅಡುಗೆಯ ಅಕ್ಕ ಅಕ್ಕಿ ತೊಳೆದ ನೀರನ್ನೇ ಹಾಕಿ ಬೆಳೆಸಿದ ಹರಿವೆ, ಬಸಳೆ, ಎರಡು ನುಗ್ಗೆ ಗಿಡ ಇವೆ. ದನ ನುಗ್ಗದಂತೆ ಕಾಫಿ ಗಿಡ ಸವರಿದಾಗ ಬಿದ್ದ ಕಡ್ಡಿಗಳಿಂದ ಬೇಲಿ ಕಟ್ಟಿದವರು ಐದನೆಯ ತರಗತಿಯವರು. ಯಾವ ಹುಳು ಯಾವ ಎಲೆಗೆ ಬರುತ್ತದೆ, ಬೂದಿ ಯಾವಾಗ ಎರಚಬೇಕು ಎಂಬುದನ್ನು ಅವರು ಅಕ್ಕನಿಂದ ಕಲಿತಿದ್ದಾರೆ, ಸೊಪ್ಪು ಸಾಂಬಾರಿಗೆ ಹೋಗುತ್ತದೆ. ನನ್ನ ಮಟ್ಟಿಗೆ ಆ ಶಾಲೆಯಲ್ಲಿ ನಡೆಯುತ್ತಿರುವ ಪರಿಸರ ಶಿಕ್ಷಣ ಅದೊಂದೇ. ಅಕ್ಕನಿಗೆ ಬರುವ ಅಲ್ಪ ಗೌರವಧನಕ್ಕೂ ಇದಕ್ಕೂ ಸಂಬಂಧವಿಲ್ಲ. ಅವರನ್ನು ಸಹಭಾಗಿಯೆಂದು ಯಾರೂ ಕರೆದಿಲ್ಲ. ಅತಿಥಿಗಳ ವಾಹನಗಳನ್ನು ತಿರುಗಿಸಲು ಹಿಂಬದಿಯ ಜಾಗ ಬೇಕಾದಾಗ ಒಂದು ಮಡಿ ಚಕ್ರದಡಿ ಹೋಯಿತು.

ಈಗ ಮಕ್ಕಳ ಸಂಖ್ಯೆ ಕಡಿಮೆಯಿರುವುದರಿಂದ ಶಾಲೆಯನ್ನು ಪಕ್ಕದ ಊರಿನದರೊಂದಿಗೆ ವಿಲೀನಗೊಳಿಸುವ ಮಾತು ಕೇಳಿಬರುತ್ತಿದೆ. ಸಹಭಾಗಿಗಳು ಈ ಬಗ್ಗೆ ಕಳವಳಗೊಂಡು ತುರ್ತು ಸಭೆ ನಡೆಸಿ, ಮುಂದಿನ ಜೂನ್ 5ಕ್ಕೆ ಮೂಡಿಗೆರೆ ಕಡೆಯಲ್ಲಿ ಬೇರೊಂದು ಶಾಲೆಯನ್ನು ಹುಡುಕಿಕೊಡುವಂತೆ ಪತ್ರ ಬರೆದಿದ್ದಾರೆ. ಅವರದು ಹೆಚ್ಚಿನ ಷರತ್ತುಗಳೇನೂ ಇಲ್ಲ. ಕಾರು ಹೋಗುವ ರಸ್ತೆಯಿರಬೇಕು, ಎಲೆಗೆ ಸಾಕಾಗುವಷ್ಟು ಮಕ್ಕಳಿರಬೇಕು, ಹಿನ್ನೆಲೆಯಲ್ಲಿ ಬೆಟ್ಟ ಕಾಣುವಂತಿರಬೇಕು ಮತ್ತು ಅಂಗಳದಲ್ಲಿ ಯಾವುದೇ ಮರ ಇರಕೂಡದು.