ಸ್ಪಷ್ಟನೆ: ಬ್ಯಾಪ್ಟಿಸ್ಟ್ ಸಭೆ ಬಾಸೆಲ್ ಮಿಷನ್ನಿನ ಶಾಖೆಯಲ್ಲ

‘ಬ್ಯಾಪ್ಟಿಸ್ಟರೆಂದರೆ ಬಾಸೆಲ್ ಮಿಷನ್‌ನವರೇ, ಕಾರವಾರದ ಬಿಷಪ್ಪರ ಅಧೀನದಲ್ಲಿದ್ದಾರೆ, ಎಳೆಗೂಸುಗಳನ್ನೂ ನೀರಲ್ಲಿ ಮುಳುಗಿಸುತ್ತಾರೆ’ ಎಂಬ ಸಂದೇಶ ಕಾರವಾರ, ಅಂಕೋಲಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಮೂರೂ ತಪ್ಪು. ಬ್ಯಾಪ್ಟಿಸ್ಟರು ಪ್ರೊಟೆಸ್ಟಂಟ್ ಕ್ರೈಸ್ತರಲ್ಲಿ ಒಂದು ಪಂಗಡ.

ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ನಿಘಂಟಿನ ಕಿಟೆಲ್ ಅದರವರು. ಬ್ಯಾಪ್ಟಿಸ್ಟ್ ಮಿಷನ್ 1792ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಮರುವರ್ಷ ವಿಲಿಯಂ ಕೇರಿಯವರೊಂದಿಗೆ ಬಂಗಾಳಕ್ಕೆ ಬಂದದ್ದು. 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ್ಯ, ಅಂದರೆ ಅಲ್ಲಿನ ಬಿಷಪ್ಪರ ಆಡಳಿತ ವ್ಯಾಪ್ತಿ, ರೋಮನ್ ಕ್ಯಾಥೊಲಿಕರದು; ಬ್ಯಾಪ್ಟಿಸ್ಟರು ಅದಕ್ಕೆ ಸೇರಿಲ್ಲ. ಬ್ಯಾಪ್ಟಿಸ್ಟ್ ಸಭೆಯಲ್ಲಿ ಪಾಸ್ಟರ್ (ಸಭಾಪಾಲಕ) ಆಯ್ಕೆ, ಲೆಕ್ಕಪತ್ರ ಎಲ್ಲವೂ ಸದಸ್ಯರ ಕೂಟದಲ್ಲೇ ತೀರ್ಮಾನವಾಗುತ್ತವೆ.

ಮೂರನೆಯದು ತಾಯಂದಿರನ್ನು ಹೆದರಿಸುವ ಮಾತು, ಹಾಗಾಗಿ ಬಿಡಿಸಿ ಹೇಳಲೇಬೇಕು. ಮಗುವಿಗೆ ಪ್ರಾರ್ಥನೆ ಮಾತ್ರ, ನೀರಿಲ್ಲ. ನೀರಲ್ಲಿ ಮುಳುಗಿಸುವ ದೀಕ್ಷಾಸ್ನಾನ ತಾವೇ ಬಾಯಿಬಿಟ್ಟು ನಂಬಿಕೆ ಹೇಳಬಲ್ಲವರಿಗೆ. ಸೊಂಟದಷ್ಟು ನೀರಿರಬೇಕು, ಅದಕ್ಕಿಂತ ಕಡಿಮೆಯಾದರೆ ಹಿಂದಕ್ಕೆ ಬಾಗಿಸುವಾಗ ತಲೆ ತಳಕ್ಕೆ ತಾಗೀತು. ಪಾಸ್ಟರ್ ಒಂದು ಕೈಯನ್ನು ಬೆನ್ನಿಗೆ ಕೊಟ್ಟು, ಇನ್ನೊಂದರಿಂದ ಆ ವ್ಯಕ್ತಿಯ ಜೋಡಿಸಿದ ಕೈ ಹಿಡಿದು, ಒಮ್ಮೆ ಪೂರ್ತಿ ಮುಳುಗಿಸಿ ತಕ್ಷಣ ಎತ್ತುತ್ತಾರೆ. ತೆಳುಬಟ್ಟೆ ನೀರಲ್ಲಿ ಮೈಗಂಟುತ್ತದೆ, ದಪ್ಪ ಹತ್ತಿಯದೇ ಒಳ್ಳೆಯದು. ಮಳೆಗಾಲದಲ್ಲಿ ಸಮುದ್ರವೂ ಬೇಡ, ಕಾಳಿ ನದಿಯ ಅಳಿವೆಯೂ ಬೇಡ: ಸೆಳೆತ ಜೋರು. ಆಗ ತೊಟ್ಟಿಯೇ ಸುರಕ್ಷಿತ.